ಕೋಟಿನ ಜೊತೆ ಬಂದ ಕಾರ್ಲಣ್ಣ

ಮಳೆಕೋಟು ನೆನೆಯದಿರಲಿ ಎಂದು ಅದರ ಮೇಲೆ ಕೊಡೆ ಹಿಡಿದು ನಡೆಯುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನು ಮಳೆಗಾಲವಿಡೀ ನೋಡುತ್ತೇನೆ. ಕುಕ್ಕುಂದೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಮೊಣಕಾಲೆತ್ತರದ ಒಂದು ಕಂಪೌಂಡು ಗೋಡೆ. ಅದರ ಆಚೆ ನಡೆಯುವುದನ್ನು ನೋಡದೆ ಇರುವ ಸೌಕರ್ಯ ನಮಗಿಲ್ಲ.

ಅವರ ಹೆಸರು ಭೋಜರಾಜ. ಹೆಸರಿನಲ್ಲಿ ರಾಜನಿದ್ದರೂ ಉದ್ಯೋಗ ಕಾರ್ಕಳದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತಗಿರಿ. ಬೀಡಿಯಿಲ್ಲ, ಎಲೆಯಡಿಕೆಯಿಲ್ಲ, ಕೋಳಿ ಅಂಕದ ಕಡೆ ತಲೆಹಾಕಿ ಮಲಗಿದವರಲ್ಲ. ಇಷ್ಟು ಒಳ್ಳೆಯ ಮನುಷ್ಯನಿಗೆ ದೇವರು ಏನಾದರೊಂದು ಕೊಡಬೇಕಲ್ಲ, ಇಂಗ್ಲೆಂಡಿನ ಹಳೆಯ ಮಳೆಕೋಟುಗಳ ಹುಚ್ಚು ಕೊಟ್ಟ. ಹೊಸದು ಬೇಡ, ಹಳೆಯದೇ ಆಗಬೇಕು. ಒಬ್ಬ ಬಿಳಿಯ ಅದನ್ನು ತೊಟ್ಟು, ನೆನೆಸಿ, ಒಣಗಿಸಿ, ಮೊಣಕೈ ಸವೆಸಿದ್ದರೇನೇ ಅದಕ್ಕೆ ಕುಲಗೌರವ.

ಈ ಹುಚ್ಚಿಗೆ ಭೋಜರಾಜರಲ್ಲಿ ಒಂದು ಸಿದ್ಧಾಂತವೂ ಇತ್ತು. "ಲಂಡನ್ನಿನಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ಆಟಿ ತಿಂಗಳ ಹದಿನೈದು ದಿನದಲ್ಲಿ ಬೀಳ್ತದೆ. ಅಷ್ಟು ಸಣ್ಣ ಮಳೆಗೆ ಅವರು ಅಷ್ಟು ದೊಡ್ಡ ಕೋಟು ಮಾಡಿದ್ದಾರೆ. ಇಷ್ಟು ದೊಡ್ಡ ಮಳೆಗೆ ನಾವು ಎಂತ ಮಾಡಿದ್ದೇವೆ? ತಲೆಗೆ ಪ್ಲಾಸ್ಟಿಕ್ ತೊಟ್ಟೆ!"

"ತೊಟ್ಟೆ ಯಾಕೆ? ಗೊರಬೆ ಇರಲಿಲ್ವಾ?" ಎಂದು ಒಳಗಿನಿಂದ ಅವರ ತಾಯಿ ಅಕ್ಕು ಅಮ್ಮ ಕೇಳುತ್ತಿದ್ದರು.

ಗೊರಬೆಯೆಂದರೆ ತಾಳೆಗರಿ ಮತ್ತು ಬಿದಿರಿನ ಕಡ್ಡಿಯಿಂದ ಹೆಣೆದ, ಕವುಚಿ ಹಾಕಿದ ದೋಣಿಯಂಥ ವಸ್ತು. ತಲೆಯಿಂದ ಸೊಂಟದವರೆಗೆ ಬೆನ್ನಿಗೆ ಹಾಕಿಕೊಂಡರೆ ಎರಡೂ ಕೈ ಬಿಡುವು, ಎಂಥ ಮಳೆಯಲ್ಲೂ ಗದ್ದೆಯಲ್ಲಿ ಬಗ್ಗಿ ನೇಜಿ ನೆಡಬಹುದು. ಅವರ ಅಡುಗೆಮನೆಯ ಗೋಡೆಯಲ್ಲಿ ಅಂಥದ್ದೊಂದು ಹೊಗೆ ಹಿಡಿದು ಕರಿಗಟ್ಟಿ ತೂಗುತ್ತಿತ್ತು. ಅದು ಅಕ್ಕು ಅಮ್ಮನ ಅತ್ತೆ ದುಗ್ಗಮ್ಮನದು. ದುಗ್ಗಮ್ಮ ತೀರಿಹೋಗಿ ಕಾಲವಾಯಿತು. ಆದರೆ ಸೊಸೆಯ ಅಡುಗೆಯ ಮೇಲಿನ ತಮ್ಮ ಅಭಿಪ್ರಾಯವನ್ನು ಅವರು ಜೊತೆಯಲ್ಲಿ ಕೊಂಡೊಯ್ದಿರಲಿಲ್ಲ. ಬದುಕಿದ್ದಾಗ ಪ್ರತಿ ಪದಾರ್ಥಕ್ಕೂ "ಉಪ್ಪು ಜಾಸ್ತಿ" ಎನ್ನುತ್ತಿದ್ದರಂತೆ. ತೀರಿಹೋದ ಮೇಲೂ ಅಕ್ಕು ಅಮ್ಮ ಸಾರಿಗೆ ಉಪ್ಪು ಹಾಕುವಾಗ ಗೊರಬೆಯ ಪಕ್ಕದ ಹಲಗೆಯಿಂದ ಒಂದು ಮುಚ್ಚಳ ಟಣ್ಣೆಂದು ಬೀಳುತ್ತಿತ್ತು. ಹಲಗೆ ಓರೆಯಾಗಿದೆ ಎಂದು ಭೋಜರಾಜರ ಹೆಂಡತಿ ಭವ್ಯಶ್ರೀ ಹೇಳುತ್ತಿದ್ದಳು. "ಹಲಗೆಗೆ ಉಪ್ಪಿನ ಅಳತೆ ಗೊತ್ತುಂಟಾ?" ಎಂದು ಅಕ್ಕು ಅಮ್ಮ ಕೇಳುತ್ತಿದ್ದರು.

ಮೊಬೈಲಿನಲ್ಲಿ ನೋಡಿ ಇಂಗ್ಲೆಂಡಿನಿಂದ ತರಿಸಿದ್ದರಲ್ಲಿ ಮೊದಲು ಬಂದದ್ದು ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು ಇರುವ ಉದ್ದ ಕೋಟು. ಅದನ್ನು ತೊಟ್ಟು ಉಡುಪಿಗೆ ಹೋಗುವ ಬಸ್ಸು ಹತ್ತಿದಾಗ ಕಂಡಕ್ಟರು, "ಅಣ್ಣ, ಟೆಂಟು ಮಡಚಿ ಹಿಂದೆ ಹಾಕಿ, ಮೂರು ಜನ ನಿಲ್ಲುವ ಜಾಗ ಉಂಟು ಅಲ್ಲಿ" ಎಂದ. ಎರಡನೆಯದು ರಬ್ಬರಿನದು, ಬಿಸಿಲು ಬಿದ್ದರೆ ಸೈಕಲ್ ಟ್ಯೂಬಿನ ವಾಸನೆ. ಮೂರನೆಯದು ಉಣ್ಣೆಯದು, ಮರದ ಗುಂಡಿಗಳಿದ್ದವು. ಅದನ್ನು ಕರಾವಳಿಯ ಸೆಕೆಯಲ್ಲಿ ತೊಡುವುದೆಂದರೆ ಆತ್ಮಹತ್ಯೆ. ಮಣಿಪಾಲದ ಆಸ್ಪತ್ರೆಗೆ ಬಂಧುಗಳಲ್ಲಿ ಯಾರಾದರೂ ಸೇರಿದರೆ ಮಾತ್ರ, ಅಲ್ಲಿಯ ಏಸಿಯ ಪುಣ್ಯದಿಂದ, ಅದಕ್ಕೆ ಯೋಗ ಕೂಡಿಬರುತ್ತಿತ್ತು. ಹಾಗಾಗಿ ಯಾರಿಗೆ ಕಾಯಿಲೆಯಾದರೂ ಮೊದಲು ಓಡುವವರು ಭೋಜರಾಜ. ಬಂಧುಗಳಲ್ಲಿ ಅವರಿಗೆ ಬಹಳ ಒಳ್ಳೆಯ ಹೆಸರಿದೆ.

ನಾಲ್ಕನೆಯದು ಬಂದದ್ದು ಸರಿಯಾಗಿ ಆಟಿ ಹುಟ್ಟಿದ ವಾರ.

ಅದು ಮೇಣ ಬಳಿದ ದಪ್ಪ ಬಟ್ಟೆಯ ಕೋಟು. ಬಣ್ಣ ಬಾವಿಕಟ್ಟೆಯ ಪಾಚಿಯದು. ವಾಸನೆ ಒಂದು ಪಾಲು ಮೇಣದ ಬತ್ತಿ, ಒಂದು ಪಾಲು ಮೀನಿನ ದೋಣಿ, ಉಳಿದದ್ದು ನೆನೆದ ನಾಯಿ. ಕಿಸೆಗಳು ಹೇಗಿದ್ದವೆಂದರೆ ಒಂದೊಂದರಲ್ಲಿ ಒಂದು ಹೇಂಟೆ ಮೊಟ್ಟೆಯ ಸಮೇತ ಕೂರಬಹುದಿತ್ತು. ನೆಲದ ಮೇಲಿಟ್ಟರೆ ಯಾರ ಹಂಗೂ ಇಲ್ಲದೆ ತಾನೇ ನಿಲ್ಲುತ್ತಿತ್ತು. ಕಾಲರಿನ ಒಳಗೆ ಒಂದು ಬಟ್ಟೆಯ ಚೂರು ಹೊಲಿದು ಅದರ ಮೇಲೆ ಶಾಯಿಯಿಂದ ಬರೆದಿತ್ತು: ಕಾರ್ಲ್ ಹಾರ್ಗ್ರೀವ್ಸ್.

ಭೋಜರಾಜರು ಜಗಲಿಯಲ್ಲಿ ಅದನ್ನು ತೊಟ್ಟು ಬೆವರುತ್ತಾ ನಿಂತಿದ್ದಾಗ ಆಚೆ ಮನೆಯ ಸಿಲ್ವೆಸ್ಟರ್ ಪೊರ್ಬುಗಳು ಬಂದರು. ಬಹಳ ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಅವರ ಮನೆಯಲ್ಲಿ ಟಿ.ವಿ.ಯ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆದಿಲ್ಲ.

"ಎಂತ ಭೋಜಣ್ಣ, ಸೆಕೆಂಡ್ ಹ್ಯಾಂಡಾ?"

"ಸೆಕೆಂಡ್ ಹ್ಯಾಂಡ್ ಅಲ್ಲ. ಹೆರಿಟೇಜ್."

"ಅಂದ್ರೆ ಥರ್ಡ್ ಹ್ಯಾಂಡಾ?"

ಒಬ್ಬ ಮನುಷ್ಯನ ಜೀವನದಲ್ಲಿ ಸುಮ್ಮನಿರಬೇಕಾದ ಗಳಿಗೆಗಳು ಕೆಲವಿರುತ್ತವೆ. ಭೋಜರಾಜರು ಸುಮ್ಮನಿರಲಿಲ್ಲ. "ಪೊರ್ಬುಗಳೇ, ಇದು ಯಾರದ್ದು ಗೊತ್ತುಂಟಾ? ಇಂಗ್ಲೆಂಡಿನ ದೊಡ್ಡ ಜಮೀನ್ದಾರ, ಕಾರ್ಲ್ ಹಾರ್ಗ್ರೀವ್ಸ್ ಅಂತ. ಭಾರೀ ಮಳೆಯಲ್ಲಿ ಕುದುರೆ ಓಡಿಸುವಾಗ ಬಿದ್ದು ಅಲ್ಲೇ ತೀರಿಕೊಂಡ. ಬೀಳುವಾಗ ಮೈಮೇಲೆ ಇದ್ದದ್ದು ಇದೇ ಕೋಟು!"

ಮಾರಿದವರು ಬರೆದಿದ್ದದ್ದು ಇಷ್ಟೇ: ಒಬ್ಬರೇ ಬಳಸಿದ್ದು, ನಾಯಿಯ ವಾಸನೆ ಸ್ವಲ್ಪ ಇದೆ. ಆ ನಾಯಿಯನ್ನು ಭೋಜರಾಜರು ಒಂದೇ ಉಸಿರಿನಲ್ಲಿ ಕುದುರೆ ಮಾಡಿದ್ದರು.

ಪೊರ್ಬುಗಳು ಬಾಯಿ ತೆರೆದು ನಿಂತರು. ಅದು ಭೋಜರಾಜರ ಗೆಲುವು. ಆದರೆ ಜಗಲಿಯ ಮೂಲೆಯಲ್ಲಿ ಪತ್ರೊಡೆಗೆ ಕೆಸುವಿನೆಲೆಯ ನಾರು ತೆಗೆಯುತ್ತಿದ್ದ ಅಕ್ಕು ಅಮ್ಮನ ಕತ್ತಿ ನಿಂತಿತು.

"ಸತ್ತವನ ಅಂಗಿಯಾ?"

"ಅಂಗಿ ಅಲ್ಲಮ್ಮ, ಕೋಟು."

"ಬಿದ್ದು ಸತ್ತವನದ್ದಾ? ಆಯುಷ್ಯ ಮುಗಿಯದೆ?"

"ಅದು... ಹೌದು, ಹಾಗೆ ಹೇಳ್ತಾರೆ."

"ಆಟಿಯಲ್ಲಿ ಮನೆಗೆ ತಂದೆಯಾ ಮಗಾ!"

ನಮ್ಮಲ್ಲಿ ತೀರಿಹೋದವರ ಜೀವಕ್ಕೆ ಕುಲೆ ಎನ್ನುತ್ತಾರೆ. ಆಟಿಯಲ್ಲಿ ಅವರು ಮನೆಗೆ ಬರುತ್ತಾರೆ. ಎಲೆ ಹಾಕಿ ಬಡಿಸುತ್ತೇವೆ, ಉಂಡು ಹೋಗುತ್ತಾರೆ. ನಮ್ಮವರಾದರೆ ತೊಂದರೆಯಿಲ್ಲ. ಆದರೆ ಹೇಳಕೇಳುವವರಿಲ್ಲದೆ, ಅರ್ಧ ಆಯುಷ್ಯದಲ್ಲಿ ಸತ್ತ, ಇಲ್ಲಿಯ ದಾರಿ ಗೊತ್ತಿಲ್ಲದ ಕುಲೆ ಬಂದರೆ? ಅದು ಹೋಗುವುದಾದರೂ ಎಲ್ಲಿಗೆ?

ಅಂದಿನಿಂದ ಆ ಮನೆಯಲ್ಲಿ ಆದದ್ದೆಲ್ಲ ಕಾರ್ಲನ ಖಾತೆಗೆ ಜಮೆಯಾಯಿತು. ಮಿಕ್ಸಿ ಸುಟ್ಟಿತು, ಕಾರ್ಲ. ದೋಸೆ ಹಿಟ್ಟು ಉಬ್ಬಲಿಲ್ಲ, ಕಾರ್ಲ. ಸಂಜೆ ಕರೆಂಟು ಹೋಯಿತು, ಕಾರ್ಲ. ಆಟಿಯಲ್ಲಿ ಕರೆಂಟು ನಮ್ಮ ಮನೆಯಲ್ಲೂ ಹೋಗಿತ್ತು. ಆದರೆ ಅದು ಅಕ್ಕು ಅಮ್ಮನಿಗೆ ಸಮಾಧಾನವಾಗುವ ಬದಲು ಕಾರ್ಲನ ಶಕ್ತಿ ಗೋಡೆ ಹಾರಿದ್ದಕ್ಕೆ ಸಾಕ್ಷಿಯಾಯಿತು. ಒಂದು ಮುಸ್ಸಂಜೆ ಭವ್ಯಶ್ರೀ ದೀಪ ಹಚ್ಚಲು ಬಂದವಳು ಜಗಲಿಯಲ್ಲಿ ಯಾರೋ ಗಂಡಸು ಬೆನ್ನು ಹಾಕಿ ನಿಂತಿದ್ದಾನೆಂದು ಕಿರುಚಿದಳು. ಕೋಟು ಸುಮ್ಮನೆ ನಿಂತಿತ್ತು. ಅದರ ಸ್ವಭಾವವೇ ಅದು.

"ನೋಡಿ," ಎಂದಳು ಗಂಡನಿಗೆ, "ಒಂದೋ ಇವನು ಇರ್ಬೇಕು, ಇಲ್ಲ ನಾನು."

ಭೋಜರಾಜರು ಉತ್ತರಿಸಲು ಸ್ವಲ್ಪ ತಡಮಾಡಿದರು. ಆ ರಾತ್ರಿ ಅವರಿಗೆ ಊಟ ಸಿಕ್ಕಿದ ಬಗ್ಗೆ ನನಗೆ ಖಚಿತ ಮಾಹಿತಿಯಿಲ್ಲ.

ಅಕ್ಕು ಅಮ್ಮ ಮೊದಲು ಸಲಹೆ ಕೇಳಿದ್ದು ಸಿಲ್ವೆಸ್ಟರ್ ಪೊರ್ಬುಗಳನ್ನು. "ಪೊರ್ಬುಗಳೇ, ನಿಮ್ಮವನಲ್ವಾ ಅವನು? ನಿಮ್ಮಲ್ಲಿ ಇಂಥದ್ದಕ್ಕೆ ಎಂತ ಮಾಡ್ತೀರಿ?"

"ನಮ್ಮವನು ಹೇಗಾಗ್ತಾನೆ ಅಕ್ಕು ಅಮ್ಮ? ನಾವು ಕ್ಯಾಥೊಲಿಕ್. ಅವನು ಪ್ರೊಟೆಸ್ಟೆಂಟ್ ಇರ್ಬೇಕು. ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ."

"ಊಟಕ್ಕೆ ಎಂತ ಆಗ್ತದೆ ಅವನಿಗೆ? ಅದಾದರೂ ಹೇಳಿ."

"ಬ್ರೆಡ್ಡು, ಮೊಟ್ಟೆ."

"ಬ್ರೆಡ್ಡು ಜ್ವರ ಬಂದವರಿಗಲ್ವಾ? ಪಾಪ!" ಎಂದರು ಅಕ್ಕು ಅಮ್ಮ. ಕಾರ್ಲನ ಮೇಲೆ ಅವರಿಗೆ ಮೊದಲ ಬಾರಿ ಕರುಣೆ ಹುಟ್ಟಿದ್ದು ಆಗ. ಮರುದಿನದಿಂದ ಅವನು ಕಾರ್ಲಣ್ಣನಾದ.

ಪ್ರಶ್ನೆ ಇಡುವ ಮುದ್ದಣ್ಣನನ್ನು ಕರೆಸಿದರು. ಅಕ್ಕು ಅಮ್ಮ ಅವನನ್ನು ಗೇಟಿನಲ್ಲೇ ತಡೆದು ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದರು. ಆಮೇಲೆ ಮುದ್ದಣ್ಣ ಒಳಗೆ ಬಂದು, ಮಣೆಯ ಮೇಲೆ ಕವಡೆ ಹಾಕಿ, ಕಣ್ಣು ಮುಚ್ಚಿ, ಬಹಳ ಕಷ್ಟಪಟ್ಟು ಕಂಡುಹಿಡಿದ.

"ನೀರು ದಾಟಿ ಬಂದದ್ದು ಉಂಟು."

"ಹೌದು!" ಎಂದರು ಅಕ್ಕು ಅಮ್ಮ, ಬೆರಗಿನಿಂದ.

"ನಾಲ್ಕು ಕಾಲಿನ ಪ್ರಾಣಿಯ ಸಂಬಂಧ ಉಂಟು. ಬಿದ್ದ ದೋಷ ಉಂಟು."

"ಎಲ್ಲಾ ಸರಿಯಾಗಿ ಹೇಳ್ತಾನೆ ನೋಡು ಭೋಜ!"

ಭೋಜರಾಜರು ಅಲ್ಲೇ ಬಾಯಿಬಿಟ್ಟು, ಅಮ್ಮ, ಕುದುರೆಯ ಕಥೆ ನಾನು ಕಟ್ಟಿದ್ದು ಎನ್ನಬಹುದಿತ್ತು. ಆದರೆ ಪೊರ್ಬುಗಳು ಎದುರಿಗೇ ಕೂತಿದ್ದರು. ಥರ್ಡ್ ಹ್ಯಾಂಡ್ ಎಂಬ ಮಾತು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಸುಮ್ಮನಿರಬಾರದ ಈ ಗಳಿಗೆಯಲ್ಲಿ ಅವರು ಸುಮ್ಮನಿದ್ದರು.

ಮುದ್ದಣ್ಣನ ತೀರ್ಪು ಹೀಗಿತ್ತು. ಆಟಿ ಅಮಾವಾಸ್ಯೆಯಂದು ಕಾರ್ಲಣ್ಣನಿಗೆ ಎಲೆ ಹಾಕಿ ಬಡಿಸಬೇಕು. ಮರುದಿನ ಬೆಳಿಗ್ಗೆ ಕೋಟನ್ನು ಕಾಪುವಿಗೆ ಕೊಂಡುಹೋಗಿ, ದೀಪಸ್ತಂಭದ ಹತ್ತಿರ ಸಮುದ್ರಕ್ಕೆ ಬಿಡಬೇಕು. ಬಂದ ದಾರಿಯಲ್ಲೇ ಹೋಗುತ್ತಾನೆ.

"ಸಮುದ್ರಕ್ಕಾ!" ಭೋಜರಾಜರು ಕೋಟಿನ ತೋಳು ಹಿಡಿದುಕೊಂಡರು. "ಅದು ಮುಳುಗುವುದಿಲ್ಲ ಮಾರಾಯ, ಮೇಣ ಉಂಟು ಅದಕ್ಕೆ!"

"ಒಳ್ಳೆಯದಾಯ್ತು, ತೇಲಿಕೊಂಡು ಬೇಗ ಮುಟ್ತಾನೆ," ಎಂದ ಮುದ್ದಣ್ಣ. "ಆದರೆ ಒಂದು ಉಂಟು. ಕರೆಯುವಾಗ ಬರಿ ಹೇಳಿ ಕರೀಬೇಕು. ಯಾವ ಬರಿ ಅವನದ್ದು?"

ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು. ಅದನ್ನು ಹೇಳದೆ ಕರೆದರೆ ಯಾವ ಕುಲೆಯೂ ಎದ್ದು ಬರುವುದಿಲ್ಲ. ಬೇರೆ ಯಾರಾದರೂ ಬಂದು ಕೂತರೂ ಕೂತಾರು. ಭೋಜರಾಜರಿಗೆ ಉಸಿರು ಬಂತು. ಬರಿ ಸಿಗದಿದ್ದರೆ ಬಡಿಸುವಂತಿಲ್ಲ, ಬಡಿಸದಿದ್ದರೆ ಸಮುದ್ರವಿಲ್ಲ. "ಬರಿ ಗೊತ್ತಿಲ್ಲವಲ್ಲ!" ಎಂದರು, ಸಂತೋಷವನ್ನು ದುಃಖದಂತೆ ಕಾಣಿಸುವ ಪ್ರಯತ್ನದಲ್ಲಿ.

"ಮಾರಿದವರನ್ನು ಕೇಳಿದ್ರೆ ಆಯ್ತಲ್ವಾ ಪಪ್ಪ," ಎಂದಳು ಹೈಸ್ಕೂಲಿಗೆ ಹೋಗುವ ಮಗಳು ಯಶ್ಮಿತಾ. ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿ ತಂದೆತಾಯಿಗಳು ಅನುಭವಿಸುವ ಕಷ್ಟಗಳು ಒಂದೆರಡಲ್ಲ.

ಅಜ್ಜಿ ಪಕ್ಕದಲ್ಲಿ ಕೂತು ಹೇಳಿದಂತೆ ಯಶ್ಮಿತಾ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಳು. ದಿವಂಗತ ಕಾರ್ಲ್ ಹಾರ್ಗ್ರೀವ್ಸರ ತಾಯಿಯ ಮನೆತನದ ಹೆಸರನ್ನು ಕೂಡಲೇ ತಿಳಿಸತಕ್ಕದ್ದು. ಅಮಾವಾಸ್ಯೆಯ ಒಳಗೆ ಬೇಕು. ತುಂಬ ಅರ್ಜೆಂಟು. ಕೆಳಗೆ ಅಪ್ಪನ ನಂಬರು.

ಉತ್ತರ ಬರಲಿಲ್ಲ. ಅಮಾವಾಸ್ಯೆ ಬಂತು.

ಬೆಳಿಗ್ಗೆ ಎಲ್ಲರೂ ಆ ದಿನದ ಪದ್ಧತಿಯಂತೆ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು ಮುಖ ಕಿವುಚಿದರು. ಭೋಜರಾಜರಿಗೆ ಕಷಾಯ ಬೇಕಿರಲಿಲ್ಲ, ಅವರ ಮುಖ ಮೊದಲೇ ಹಾಗಿತ್ತು. ಅವರು ದಿನವಿಡೀ ಕೋಟನ್ನು ತೊಟ್ಟೇ ಕೂತಿದ್ದರು. ಹೊರಗಿನ ಮಳೆ ಒಳಗೆ ಬರಲಿಲ್ಲ, ಒಳಗಿನ ಬೆವರು ಹೊರಗೆ ಹೋಗಲಿಲ್ಲ. ಸಂಜೆ ಅಕ್ಕು ಅಮ್ಮ ಬಂದು, "ಬಿಚ್ಚು ಮಗಾ, ಅವನು ಕೂರ್ಬೇಕು," ಎಂದಾಗ ಮಗುವನ್ನು ಮೊದಲ ದಿನ ಶಾಲೆಗೆ ಬಿಡುವವರಂತೆ ಬಿಚ್ಚಿಕೊಟ್ಟರು.

ನಮ್ಮನ್ನೂ ಕರೆದಿದ್ದರು. ಮಗನ ಒಣಗದ ಯೂನಿಫಾರ್ಮುಗಳನ್ನು ನಮ್ಮ ಜಗಲಿಯ ಹಗ್ಗಕ್ಕೆ ಹಾಕಿ ನಾನೂ ಹೋದೆ. ಒಳಕೋಣೆಯಲ್ಲಿ ಎರಡು ಎಲೆ. ಒಂದು, ಪ್ರತಿ ವರ್ಷದಂತೆ, ದುಗ್ಗಮ್ಮನದು. ಅದರ ಪಕ್ಕದಲ್ಲಿ ಕುರ್ಚಿ, ಕುರ್ಚಿಯಲ್ಲಿ ಕೋಟು, ಎದುರಿಗೆ ಸ್ಟೂಲಿನ ಮೇಲೆ ಕಾರ್ಲಣ್ಣನ ಎಲೆ. ನೆಲದ ಮೇಲೆ ಕೂತು ಅವನಿಗೆ ಅಭ್ಯಾಸವಿರಲಿಕ್ಕಿಲ್ಲವೆಂದು ಅಕ್ಕು ಅಮ್ಮನೇ ಹಾಗೆ ಮಾಡಿಸಿದ್ದರು. ಕೋಳಿ ರೊಟ್ಟಿ, ನೀರು ದೋಸೆ, ಪತ್ರೊಡೆ, ಮೂಲೆಯಲ್ಲಿ ಎರಡು ತುಂಡು ಬ್ರೆಡ್ಡು.

"ಬರಿ?" ಎಂದ ಮುದ್ದಣ್ಣ.

"ಸಿಗಲಿಲ್ಲ. ಹಾಗಾಗಿ ಇವತ್ತು ಬೇಡ ಅಂತ ನನಗೆ..." ಎಂದು ಭೋಜರಾಜರು ಶುರುಮಾಡಿದರು.

"ನಮ್ಮ ಬರಿಯೇ ಹೇಳು ಮುದ್ದಣ್ಣ," ಎಂದರು ಅಕ್ಕು ಅಮ್ಮ. "ಇಷ್ಟು ದಿವಸ ಮನೆಯಲ್ಲಿ ಇದ್ದಾನೆ. ಹೊರಗಿನವನಾ?"

ಹೀಗೆ ಕಾರ್ಲ್ ಹಾರ್ಗ್ರೀವ್ಸ್ ಕುಕ್ಕುಂದೂರಿನ ಒಂದು ಮನೆತನಕ್ಕೆ ಸೇರಿದ. ಮುದ್ದಣ್ಣ ಹೆಸರು ಹಿಡಿದು ಕರೆದ. ಬಾಗಿಲು ಮುಚ್ಚಿದರು. ಬಂದವರು ನೆಮ್ಮದಿಯಿಂದ ಉಣ್ಣಲಿ ಎಂದು ಎಲ್ಲರೂ ಜಗಲಿಗೆ ಬಂದು ಕೂರುವುದು ಪದ್ಧತಿ. ಕೂತೆವು. ಮಳೆ ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ಒಳಗಿನಿಂದ ಗುರ್ರ್ ಎಂದಿತು.

ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು. ಡಿಪಾರ್ಟ್‌ಮೆಂಟ್ ನಮ್ಮದಲ್ಲ ಎನ್ನುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ. ಮುದ್ದಣ್ಣ ಕಿಟಕಿಯ ಸಂದಿನಲ್ಲಿ ಇಣುಕಿದ. ಕುರ್ಚಿಯಲ್ಲಿ ಕೋಟು ನಡುಗುತ್ತಿತ್ತು. ನಿಂತಿತು. ಮತ್ತೆ ನಡುಗಿತು.

"ಬಂದ," ಎಂದ ಮುದ್ದಣ್ಣ. ಅವನ ಸ್ವರದಲ್ಲಿ ಇದ್ದದ್ದು ಸಂತೋಷವಲ್ಲ. ಇಷ್ಟು ವರ್ಷ ಅವನು ಕರೆದಿದ್ದಾನೆ, ಯಾರೂ ಹೀಗೆ ಕಣ್ಣಿಗೆ ಕಾಣುವಂತೆ ಬಂದಿರಲಿಲ್ಲ.

"ಅಯ್ಯೋ, ನನ್ನ ಮೊಬೈಲು!" ಎಂದು ಭೋಜರಾಜರು ಒಳಗೆ ನುಗ್ಗಿದರು. ಕಿಸೆಯೊಳಗೆ ಕೈ ಹಾಕಿದರು. ಮೇಣದ ಕಿಸೆ, ಬೆವರಿದ ಕೈ, ಆಳ ಮೊಣಕೈವರೆಗೆ. ಹೋದ ಕೈ ಹೊರಗೆ ಬರಲಿಲ್ಲ. ಬೆರಳು ಎಲ್ಲೋ ತಗಲಿತು. ಕೋಟಿನ ಹೊಟ್ಟೆಯೊಳಗಿನಿಂದ, ಇಡೀ ಮನೆಗೆ ಕೇಳುವಂತೆ, ಒಬ್ಬ ಮುದುಕ ಬಿಳಿಯನ ಸಿಟ್ಟಿನ ಸ್ವರ ಹೊರಟಿತು.

"ಹಲೋ! ದಿಸ್ ಈಸ್ ಕಾರ್ಲ್ ಹಾರ್ಗ್ರೀವ್ಸ್!"

ಮುದ್ದಣ್ಣ ಕಂಪೌಂಡು ಗೋಡೆ ಹಾರಿದ್ದನ್ನು ನಾನು ನೋಡಲಿಲ್ಲ. ಅವನು ನಮ್ಮ ಜಗಲಿಯ ಹಗ್ಗದ ಸಮೇತ ಯೂನಿಫಾರ್ಮುಗಳ ನಡುವೆ ಬಿದ್ದ ಸದ್ದು ಮಾತ್ರ ಕೇಳಿತು. ಪೊರ್ಬುಗಳು ಕಂಬ ತಬ್ಬಿದರು. ಭವ್ಯಶ್ರೀ ಗಂಡನನ್ನು ಹಿಡಿದೆಳೆದಳು, ಗಂಡನ ಜೊತೆ ಕೋಟೂ ಬಂತು, ಕೋಟಿನ ಜೊತೆ ಬೈಗುಳವೂ ಬಂತು. ಕೊನೆಗೆ ಯಶ್ಮಿತಾ ಕಿಸೆಯನ್ನು ಮಗುಚಿ ಮೊಬೈಲು ತೆಗೆದಳು. ಪರದೆಯಲ್ಲಿ ಕೆಂಪು ಮುಖದ, ಬಿಳಿ ಹುಬ್ಬಿನ ಒಬ್ಬ ಅಜ್ಜ ಕೋಲು ಅಲ್ಲಾಡಿಸುತ್ತಿದ್ದ.

"ಎಂತ ಹೇಳ್ತಾನೆ?" ಎಂದರು ಅಕ್ಕು ಅಮ್ಮ. ಅಲ್ಲಿ ಹೆದರದೆ ಇದ್ದವರು ಅವರೊಬ್ಬರೇ.

"ನನ್ನ ತಾಯಿಯ ಮನೆತನದ ಹೆಸರು ನಿನಗೆ ಯಾಕೆ ಅಂತ ಕೇಳ್ತಾರೆ ಅಜ್ಜಿ. ಅವರ ಊರಿನ ಬ್ಯಾಂಕಿನಲ್ಲಿ ದುಡ್ಡು ತೆಗೆಯುವಾಗ ಗುರುತಿಗೆ ಅದನ್ನೇ ಕೇಳುವುದಂತೆ. ನಾವು ಮೋಸದವರು ಅಂತ ಅವರ ಹೆಂಡತಿ ಶಾರ್ಲೆಟ್ ಖಾತೆಗಳನ್ನೆಲ್ಲ ಬಂದ್ ಮಾಡಿಸಿದ್ದಾರಂತೆ. ಈಗ ಅವರಿಗೇ ದುಡ್ಡು ಸಿಗುವುದಿಲ್ಲವಂತೆ."

"ಬರಿ ಹೇಳಲಿಕ್ಕೆ ಎಂಥ ಹೆದರಿಕೆ ಮಾರಾಯ್ತಿ! ನಾವು ಮದುವೆ ಮಾತಿಗೆ ಮೊದಲು ಕೇಳುವುದೇ ಅದು. ಸಿಟ್ಟು ಹಸಿವಿನದ್ದು ಇರ್ಬೇಕು. ಊಟಕ್ಕೆ ಕರಿ."

"ಅಜ್ಜಿ, ಅವರು ಬದುಕಿದ್ದಾರೆ."

ಅಕ್ಕು ಅಮ್ಮ ಪರದೆಯನ್ನು ಹತ್ತಿರ ಹಿಡಿದು ದಿಟ್ಟಿಸಿದರು. "ಅವನಿಗೆ ಗೊತ್ತುಂಟಾ?"

ಗೊತ್ತಿತ್ತು. ಟೀ ಕುಡಿದು ತೋರಿಸಿದ. ಅಕ್ಕು ಅಮ್ಮ ನಿಧಾನವಾಗಿ ಮಗನ ಕಡೆ ತಿರುಗಿದರು.

"ಕುದುರೆ?"

"ಕುದುರೆ..." ಭೋಜರಾಜರು ಪೊರ್ಬುಗಳ ಕಡೆ ನೋಡಲಿಲ್ಲ. "ನಾಯಿ ಅಮ್ಮ."

"ಬಿದ್ದದ್ದು?"

ಬಿದ್ದದ್ದು ನಿಜವೇ ಆಗಿತ್ತು. ಕಾರ್ಲಣ್ಣ ಬಚ್ಚಲಿನಲ್ಲಿ ಜಾರಿ ಬಿದ್ದು ಮೊಣಕಾಲಿನ ಆ‍ಪರೇಷನ್ನಿಗೆ ಆಸ್ಪತ್ರೆ ಸೇರಿದ್ದ. "ಬಿದ್ದ ದೋಷ ಉಂಟು ಅಂತ ನಾನು ಹೇಳಿರಲಿಲ್ವಾ?" ಎಂದು ಗೋಡೆಯ ಆಚೆಯಿಂದ ಮುದ್ದಣ್ಣ ಕೂಗಿದ. ಅವನ ತಲೆಯ ಮೇಲೆ ಇನ್ನೂ ನನ್ನ ಮಗನ ಚಡ್ಡಿಯಿತ್ತು. ಗಂಡ ಆಸ್ಪತ್ರೆಯಲ್ಲಿದ್ದಾಗ ಶಾರ್ಲೆಟ್ ಕಪಾಟು ಖಾಲಿ ಮಾಡಿ ಕೋಟನ್ನು ಮಾರಿಬಿಟ್ಟಿದ್ದಳು. ಆತ ಮನೆಗೆ ಬಂದು ಮೊದಲು ಕೇಳಿದ್ದು ಊಟವಲ್ಲ, ಕೋಟು.

ಈಗ ಆ ಸಿಟ್ಟು ಇಳಿದು ಮುದುಕನ ಸ್ವರ ಬೇರೆಯಾಯಿತು. ಯಶ್ಮಿತಾ ಒಳಕೋಣೆಯನ್ನೆಲ್ಲ ತೋರಿಸಿದ್ದಳು: ಮತ್ತೆ ಕುರ್ಚಿಯ ಮೇಲೆ ಕೂರಿಸಿದ ಕೋಟು, ಎದುರಿಗೆ ಊಟ, ಸುತ್ತ ಜನ. ತನ್ನ ಕೋಟಿಗೆ ಇಷ್ಟು ಮರ್ಯಾದೆ ಮಾಡುವವರು ಇಂಗ್ಲೆಂಡಿನಲ್ಲೂ ಇಲ್ಲವೆಂದ. ಆದರೆ ಅದನ್ನು ತೊಟ್ಟು ತಾನು ಮೂರು ತಲೆಮಾರು ನಾಯಿಗಳನ್ನು ಸುತ್ತಾಡಿಸಿದ್ದೇನೆ, ದಯವಿಟ್ಟು ವಾಪಸು ಕಳಿಸಿ ಎಂದ.

ಇವನು ಸತ್ತಿದ್ದರೆ ಕೋಟು ಸಮುದ್ರಕ್ಕೆ. ಬದುಕಿದ್ದರೆ ಇವನಿಗೆ. ಭೋಜರಾಜರಿಗೆ ಎರಡು ಕಡೆಯೂ ದಡವಿರಲಿಲ್ಲ.

"ಕೊಡು ಮಗಾ," ಎಂದರು ಅಕ್ಕು ಅಮ್ಮ. "ಸತ್ತವನ ಆಸೆಗಿಂತ ಬದುಕಿದವನ ಆಸೆ ಕೆಟ್ಟದ್ದು. ಅದು ಕುರ್ಚಿಯಲ್ಲಿ ಕೂರುವುದಿಲ್ಲ, ಎದೆಯ ಮೇಲೆ ಕೂರ್ತದೆ."

ಭೋಜರಾಜರು ಕೋಟನ್ನು ಎದೆಗೆ ಅವಚಿಕೊಂಡರು. ಆ ಕ್ಷಣ ಅವರನ್ನು ನೋಡಿ ನನಗೂ ನಗು ಬರಲಿಲ್ಲ.

ಅಷ್ಟರಲ್ಲಿ ಅಕ್ಕು ಅಮ್ಮನಿಗೆ ಬೇರೊಂದು ಭಯ ಹುಟ್ಟಿತ್ತು. ಬದುಕಿರುವವನಿಗೆ ಕುಲೆಯ ಎಲೆ ಹಾಕಿದರೆ ಅವನ ಆಯುಷ್ಯಕ್ಕೆ ಒಳ್ಳೆಯದಲ್ಲ. ಪರಿಹಾರ ಕೇಳಿದಾಗ ಗೋಡೆ ದಾಟಿ ವಾಪಸು ಬಂದ ಮುದ್ದಣ್ಣ, "ಬಲ್ಲವರು ಯಾರಾದರೂ ಕೂತು ಪೂರ್ತಿ ಉಂಡರೆ ದೋಷ ಹೋಗ್ತದೆ," ಎಂದು ಸ್ಟೂಲಿನ ಮುಂದೆ ತಾನೇ ಕೂತ. ಬ್ರೆಡ್ಡು ಮಾತ್ರ ಬಿಟ್ಟ. ಅವನಿಗೆ ಬಡಿಸಲೆಂದು ಭವ್ಯಶ್ರೀ ಅಡುಗೆಮನೆಗೆ ಹೋದಾಗ ಯಶ್ಮಿತಾ ಮೊಬೈಲು ಹಿಡಿದೇ ಹಿಂದೆ ಹೋದಳು. ಪರದೆಯಲ್ಲಿ ಕಾರ್ಲಣ್ಣ ಒಮ್ಮೆಲೇ ಕೂಗಿದ.

"ಗೋಡೆಯ ಮೇಲೆ ಅದೇನು ಅಂತ ಕೇಳ್ತಾರೆ!"

ಗೊರಬೆ. ಮಳೆಗೆ ಹಾಕುವುದು ಎಂದಳು ಯಶ್ಮಿತಾ. ಕಾರ್ಲಣ್ಣನ ಮುಖ ಭೋಜರಾಜರ ಮುಖದಂತಾಯಿತು. ಬೇರೆ ಬಣ್ಣ, ಅದೇ ಕಾಯಿಲೆ. ಅವನ ಮನೆಯಲ್ಲೂ ಮೀನುಗಾರರ ಎಣ್ಣೆಕೋಟು, ರೈಲಿನವರ ಕೋಟು, ದನ ಕಾಯುವವರ ಟೊಪ್ಪಿ ಎಲ್ಲ ಇದ್ದವು. ಇಂಥದ್ದನ್ನು ಮಾತ್ರ ಅವನು ಕಂಡಿರಲಿಲ್ಲ. ಯಾವ ಕಾಲದ್ದು? ಯಾರು ತೊಟ್ಟಿದ್ದರು? ಕೋಲನ್ನೂ ಮರೆತು ಎದ್ದು ನಿಂತ. ಆ ಗೊರಬೆ ಕೊಟ್ಟರೆ ಕೋಟು ನೀವೇ ಇಟ್ಟುಕೊಳ್ಳಿ ಎಂದ.

ಎಲ್ಲರೂ ಅಕ್ಕು ಅಮ್ಮನನ್ನು ನೋಡಿದೆವು. ಭೋಜರಾಜರೇ ತಲೆಯಾಡಿಸಿದರು. "ಬೇಡಮ್ಮ. ಅದು ಅಜ್ಜಿಯದ್ದು. ಅಜ್ಜಿ ಅದರಲ್ಲೇ ಇದ್ದಾರೆ ಅಂತ ನೀವೇ ಹೇಳ್ತೀರಿ."

"ಹೌದು, ಅದರಲ್ಲೇ ಇದ್ದಾರೆ," ಎಂದರು ಅಕ್ಕು ಅಮ್ಮ. ಗೊರಬೆಯನ್ನು ನೋಡಿದರು. ಹಲಗೆಯ ಮುಚ್ಚಳಗಳನ್ನು ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಅವನ ಅಡುಗೆಮನೆ ಗಾಳಿ ಬೆಳಕು ಇರುವಂಥದ್ದಾ, ಕೇಳು."

ಹೌದೆಂದ ಕಾರ್ಲಣ್ಣ.

"ಅಡುಗೆ ಯಾರು ಮಾಡುವುದು? ಹೆಂಡತಿಯಾ?"

ಹೌದು, ಶಾರ್ಲೆಟ್.

"ಹಾಗಾದರೆ ಕೊಡುವ," ಎಂದರು ಅಕ್ಕು ಅಮ್ಮ. "ಅತ್ತೆ ಉಡುಪಿಯಿಂದ ಆಚೆ ಏನೂ ನೋಡಿದವರಲ್ಲ. ಹೋಗಿ ಬರಲಿ. ಬರದಿದ್ದರೂ ತೊಂದರೆ ಇಲ್ಲ."

ಉಡುಪಿಯ ಅಂಚೆ ಕಚೇರಿಗೆ ಪಾರ್ಸೆಲ್ ಕೊಂಡುಹೋದಾಗ ಅಕ್ಕು ಅಮ್ಮನೂ ಜೊತೆಗೆ ಹೋದರು. ಬಸ್ಸಿನಲ್ಲಿ ರಟ್ಟಿನ ಪೆಟ್ಟಿಗೆ ಎರಡು ಸೀಟು ಹಿಡಿಯಿತು. ಅದೇ ಕಂಡಕ್ಟರು, "ಇದರಲ್ಲಿ ಯಾರುಂಟು, ಟಿಕೆಟು ಬೇಡವಾ?" ಎಂದು ತಮಾಷೆ ಮಾಡಿದ. ಅಕ್ಕು ಅಮ್ಮ ಮಾತಾಡದೆ ಒಂದು ಟಿಕೆಟು ಹೆಚ್ಚು ತೆಗೆದುಕೊಂಡರು. ಕೌಂಟರಿನ ಗುಮಾಸ್ತ ಒಳಗೇನೆಂದು ಕೇಳಿದಾಗ ಭೋಜರಾಜರು "ರೇನ್‌ಕೋಟು" ಎಂದರು.

"ಎಲ್ಲಿಗೆ?"

"ಇಂಗ್ಲೆಂಡಿಗೆ."

ಆತ ಕನ್ನಡಕ ತೆಗೆದ. "ಇಂಗ್ಲೆಂಡಿಗೆ ರೇನ್‌ಕೋಟು ನಾವು ಕಳಿಸುವುದಾ?"

"ಇನ್ನು ಮೇಲೆ ಹಾಗೆ," ಎಂದರು ಭೋಜರಾಜ. ಆ ದಿನ ಅವರು ಕಾರ್ಲಣ್ಣನ ಕೋಟು ತೊಟ್ಟಿದ್ದರು. ಹೊರಗೆ ಬಂದು ಮೊದಲ ಬಾರಿಗೆ ಕೊಡೆಯಿಲ್ಲದೆ ಮಳೆಗೆ ಇಳಿದರು. ನೀರು ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋಯಿತು, ಒಂದು ಹನಿ ಒಳಗೆ ಬರಲಿಲ್ಲ. ಮನೆ ಮುಟ್ಟಿ ಬಿಚ್ಚಿದಾಗ ಒಳಗಿನ ಅಂಗಿ ಬೆವರಿಗೆ ಹಿಂಡುವಂತಿತ್ತು. ಪೊರ್ಬುಗಳು ಗೇಟಿನಿಂದಲೇ ನೋಡಿ, "ಭೋಜಣ್ಣ, ತಿರುಗಿಸಿ ಹಾಕ್ಬೇಕಿತ್ತು," ಎಂದರು.

ಆಟಿ ಕಳೆದು ಸೋಣ ತಿಂಗಳ ಒಂದು ಸಂಜೆ ಕಾರ್ಲಣ್ಣನ ಫೋನು ಬಂತು. ಗೊರಬೆ ಮುಟ್ಟಿದೆ, ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದೇವೆ. ತುಂಬ ಚೆನ್ನಾಗಿದೆ. ಆಮೇಲೆ ಶಾರ್ಲೆಟ್ ಮಾತಾಡಬೇಕಂತೆ ಎಂದ. ಶಾರ್ಲೆಟ್ ಸ್ವಲ್ಪ ಸಂಕೋಚದಿಂದಲೇ ಕೇಳಿದಳು. ಆ ವಸ್ತು ಬಂದಂದಿನಿಂದ ಹಲಗೆಯ ಮೇಲಿನ ಮುಚ್ಚಳಗಳು ಒಂದೊಂದಾಗಿ ಬೀಳುತ್ತಿವೆ. ಗಂಡ ಬೆಕ್ಕಿನ ಕೆಲಸ ಎನ್ನುತ್ತಾನೆ. ಆದರೆ ಅವರ ಮನೆಯಲ್ಲಿ ಬೆಕ್ಕಿಲ್ಲ.

"ಯಾವಾಗ ಬೀಳ್ತದೆ ಕೇಳು," ಎಂದರು ಅಕ್ಕು ಅಮ್ಮ.

ಯಶ್ಮಿತಾ ಕೇಳಿದಳು. "ಬಟಾಟೆಗೆ ಉಪ್ಪು ಹಾಕುವಾಗ ಅಂತೆ ಅಜ್ಜಿ."

ಅಕ್ಕು ಅಮ್ಮ ಕಣ್ಣು ಮುಚ್ಚಿ ಮೊಬೈಲಿಗೆ ಕೈ ಮುಗಿದರು. "ಅತ್ತೆ ಸುಖವಾಗಿ ಮುಟ್ಟಿದ್ದಾರೆ," ಎಂದರು. "ಆಟಿಯಲ್ಲಿ ಒಂದು ಎಲೆ ಹಾಕ್ಲಿಕ್ಕೆ ಹೇಳು. ಬ್ರೆಡ್ಡು ಬೇಡ. ಬರಿ ನಾನು ಹೇಳ್ತೇನೆ, ಬರಕೊಳ್ಳಲಿ. ನಮ್ಮದರಲ್ಲಿ ಗುಟ್ಟು ಎಂತದ್ದೂ ಇಲ್ಲ."

ಅನಂತರ ಅಡುಗೆಮನೆಗೆ ಹೋಗಿ ಕುದಿಯುವ ಸಾರಿಗೆ ಉಪ್ಪು ಹಾಕಿದರು. ಗೊರಬೆಯಿದ್ದ ಜಾಗದಲ್ಲಿ ಗೋಡೆ ದೋಣಿಯಾಕಾರದಲ್ಲಿ ಬೆಳ್ಳಗಿತ್ತು. ಕೈ ತಡೆದು ನಿಂತರು. ಹಲಗೆಯನ್ನು ನೋಡಿದರು. ಇನ್ನೂ ಒಂದು ಚಿಟಿಕೆ ಹಾಕಿ ಮತ್ತೆ ನೋಡಿದರು.

ಯಾವ ಮುಚ್ಚಳವೂ ಬೀಳಲಿಲ್ಲ. ಆ ರಾತ್ರಿ ಸಾರಿಗೆ ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು. ಹೇಳುವವರು ಯಾರೂ ಇರಲಿಲ್ಲ.